ನದಿ ಏರಿತು, ನಾವು ಉತ್ತರಕ್ಕೆ ತಿರುಗಿದೆವು

ಇಂಗ್ಲೆಂಡಿನಲ್ಲಿ ನ್ಯಾರೋಬೋಟ್ ಎಂಬ ಉದ್ದನೆಯ, ಕಡಿಮೆ ಅಗಲದ ಕಾಲುವೆ ದೋಣಿಯನ್ನು ಬಾಡಿಗೆಗೆ ಪಡೆಯುವ ಗೆಳೆಯರಿಗೆ ನಾನು ಮೊದಲು ಹೇಳುವ ಮಾತು: ನಿಮ್ಮ ಕಾಲುವೆ ಎಲ್ಲೆಲ್ಲಿ ನದಿಯನ್ನು ಸೇರುತ್ತದೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಕಾಲುವೆಯ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ನದಿಯಾದರೋ ರಾತ್ರಿ ಬಿದ್ದ ಮಳೆಗೆ ಬೆಳಗಾಗುವುದರೊಳಗೆ ಬೇರೆಯೇ ರೂಪ ತಾಳಿರುತ್ತದೆ.

ಆಕ್ಸ್‌ಫರ್ಡ್ ಕಾಲುವೆಯ ಲೋವರ್ ಹೇಫರ್ಡ್‌ನಿಂದ ದಕ್ಷಿಣಕ್ಕೆ ಹೊರಟು, ಡ್ಯೂಕ್ಸ್ ಕಟ್ ಎಂಬ ಕಿರುಗಾಲುವೆಯ ಮೂಲಕ ಥೇಮ್ಸ್ ಸೇರಿ, ಲೆಚ್‌ಲೇಡ್ ಮುಟ್ಟಿ ಬರಬೇಕೆಂದು ನಾವು ಯೋಜಿಸಿದ್ದೆವು. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನಿಗೆ ಥೇಮ್ಸ್ ಮೇಲೆ ಸಾಗುವ ಆಸೆ. ಆದರೆ ದಾರಿಯಲ್ಲಿ ಬೇಕರ್ಸ್ ಲಾಕ್‌ನಿಂದ (ಲಾಕ್ ಎಂದರೆ ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ, ಬಾಗಿಲುಗಳುಳ್ಳ ಕಟ್ಟೆ) ಶಿಪ್ಟನ್ ವಿಯರ್ ಲಾಕ್‌ವರೆಗೆ ಸುಮಾರು ಒಂದು ಮೈಲಿ, ಕಾಲುವೆಯೂ ಚಾರ್ವೆಲ್ ನದಿಯೂ ಒಂದೇ ಪಾತ್ರದಲ್ಲಿ ಹರಿಯುತ್ತವೆ. ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು.

ಹಾಗಾಗಿ ಎನ್ಸ್ಲೋ ಹತ್ತಿರವೇ ದೋಣಿ ಕಟ್ಟಿ, ದಡದ ಕಾಲುದಾರಿಯಲ್ಲಿ ಅಪ್ಪನೊಂದಿಗೆ ನಡೆದುಹೋಗಿ ಬೇಕರ್ಸ್ ಲಾಕ್‌ನ ಮಟ್ಟಸೂಚಕ ನೋಡಿದೆ. ಹಸಿರು, ಹಳದಿ, ಕೆಂಪು ಪಟ್ಟಿಗಳಲ್ಲಿ ನೀರು ಕೆಂಪನ್ನು ಮುಟ್ಟಿತ್ತು. ಹೀಗೆ ಮೊದಲೇ ನಡೆದು ನೋಡುವುದು ಬಹಳ ಮುಖ್ಯ. ಐವತ್ತು ಅರವತ್ತು ಅಡಿ ಉದ್ದದ ದೋಣಿಯನ್ನು ಕಾಲುವೆಯಲ್ಲಿ ಬೇಕೆಂದಲ್ಲಿ ತಿರುಗಿಸಲಾಗದು. ಅದಕ್ಕೆಂದು ದಡ ಅಗಲಿಸಿದ ತಾಣಗಳೇ ಬೇಕು.

ಥೇಮ್ಸ್‌ನ ಸ್ಥಿತಿಯನ್ನು ಮೊಬೈಲಿನಲ್ಲಿ ನೋಡಿದರೆ ಅಲ್ಲೂ ಕೆಂಪು ಫಲಕಗಳು. ಆ ನದಿಯ ಲಾಕ್‌ಗಳಲ್ಲಿ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆ ಹಾಕುವ ಹಳದಿ ಫಲಕ ಸೆಳೆತ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂದು ತಿಳಿಸುತ್ತದೆ. ಕೆಂಪು ಎಂದರೆ ಯಾರೂ ದೋಣಿ ಬಿಡಬಾರದೆಂಬ ಎಚ್ಚರಿಕೆ. ಅಪ್ಪ ಬೇಸರಪಟ್ಟುಕೊಳ್ಳಲಿಲ್ಲ. "ಕಾವೇರಿ ಕೆಂಪಾಗಿ ಹರಿಯುವಾಗ ನಮ್ಮಲ್ಲಿ ಹರಿಗೋಲು ಇಳಿಸುತ್ತಾರೆಯೇ? ನಡೆ, ಹಿಂದಿರುಗೋಣ" ಎಂದರು.

ಹೊಸ ಗುರಿಯಾಗಿ ಉತ್ತರದ ಬ್ಯಾನ್‌ಬರಿಯನ್ನು ಆರಿಸಿಕೊಂಡೆವು. ಆದರೆ ಆ ದಿಕ್ಕಿನಲ್ಲೂ ಐನ್ಹೋ ಬಳಿ ಇದೇ ಚಾರ್ವೆಲ್ ಕಾಲುವೆಯನ್ನು ಅಡ್ಡ ಹಾಯುತ್ತದೆ. ಆದ್ದರಿಂದ ಹೇಫರ್ಡ್‌ಗೆ ಮರಳಿ, ಕಾಲುವೆಯ ಪಕ್ಕದಲ್ಲೇ ಇರುವ ನಿಲ್ದಾಣದಿಂದ ರೈಲು ಹತ್ತಿ ಆಕ್ಸ್‌ಫರ್ಡ್ ಸುತ್ತಿ ಬಂದೆವು. ಅಮ್ಮನಿಗೆ ಅದೇ ಹೆಚ್ಚು ಖುಷಿ ಕೊಟ್ಟಿತು. ಬಾಡಿಗೆ ಕಂಪನಿಗೂ ಫೋನ್ ಮಾಡಿ ಬದಲಾದ ದಾರಿಯನ್ನು ತಿಳಿಸಿದೆ. ದೋಣಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಬೇಕು.

ನೀರು ಇಳಿದ ಮೇಲೆ ಹೊರಟೆವು. ದಾರಿಯಲ್ಲಿ ಸಿಗುವ ಸಾಮರ್ಟನ್ ಡೀಪ್ ಲಾಕ್ ದೋಣಿಯನ್ನು ಹನ್ನೆರಡು ಅಡಿ ಎತ್ತುತ್ತದೆ. ಒಳಗೆ ನಿಂತರೆ ಎರಡೂ ಕಡೆ ಒದ್ದೆ ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ಮುಂದಿನ ಐನ್ಹೋ ವಿಯರ್ ಲಾಕ್ ಎತ್ತುವುದು ಸುಮಾರು ಒಂದೇ ಅಡಿ. ಆದರೂ ಅದನ್ನು ವಜ್ರಾಕೃತಿಯಲ್ಲಿ ಬಹಳ ಅಗಲವಾಗಿ ಕಟ್ಟಿದ್ದಾರೆ. ಕೆಳಗಿನ ಆಳವಾದ ಲಾಕ್ ತುಂಬಲು ಬೇಕಾದಷ್ಟು ನೀರು ಇಲ್ಲಿಂದ ಇಳಿಯಬೇಕಲ್ಲ, ಎತ್ತರದಲ್ಲಿ ಸಿಗದಿದ್ದನ್ನು ಅಗಲದಲ್ಲಿ ಪಡೆದಿದ್ದಾರೆ. 1790ರಲ್ಲಿ ಆಕ್ಸ್‌ಫರ್ಡ್ ಮುಟ್ಟಿದ ಕಾಲುವೆಯ ಈ ಲೆಕ್ಕಾಚಾರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಥೇಮ್ಸ್‌ಗೆ ಹೋಗಿದ್ದರೆ ಇದನ್ನು ನೋಡುತ್ತಲೇ ಇರಲಿಲ್ಲ.

ಆ ಲಾಕ್ ದಾಟಿದೊಡನೆ ನದಿ ಒಂದು ಪಕ್ಕದಿಂದ ನುಗ್ಗಿ ಇನ್ನೊಂದು ಪಕ್ಕದ ಒಡ್ಡಿನ ಮೇಲೆ ಹೊರಬೀಳುತ್ತದೆ. ದೋಣಿಯ ಮೂತಿ ಸೆಳೆತಕ್ಕೆ ಓರೆಯಾಗುವ ಮುನ್ನವೇ ಎಂಜಿನ್ ವೇಗ ಹೆಚ್ಚಿಸಿ, ನದಿ ಬರುವ ಕಡೆಗೆ ತುಸು ಮುಖ ಮಾಡಿ ಸಾಗಿದೆ.

ಬ್ಯಾನ್‌ಬರಿಯಿಂದ ಮುಂದೆ ಕ್ರಾಪ್ರೆಡಿಗೂ ಹೋಗಬಹುದಿತ್ತು. ಗಂಟೆಗೆ ಮೂರು ಮೈಲಿ, ಪ್ರತಿ ಲಾಕ್‌ಗೆ ಕಾಲು ಗಂಟೆ ಎಂದು ಲೆಕ್ಕ ಹಾಕಿದಾಗ ಸಮಯವೂ ಸಾಲುತ್ತಿತ್ತು. ಆದರೆ ಮತ್ತೆ ಮಳೆ ಬಂದರೆ ಐನ್ಹೋದ ಆಚೆ ಸಿಕ್ಕಿಬೀಳುತ್ತಿದ್ದೆವು. ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡು ಬ್ಯಾನ್‌ಬರಿಯಲ್ಲೇ ದೋಣಿ ತಿರುಗಿಸಿದೆ.