ಪಾಲಿಕೆ ಚುನಾವಣೆ ಮಾತು ಬೀದಿಗೆ ಮುಟ್ಟಿದ್ದು ಹೀಗೆ

ನಮ್ಮದು ಬಸವನಗುಡಿ ಕಡೆಯ ಚಿಕ್ಕ ಗುಂಪು. ಬೆಂಗಳೂರಿಗೆ ಪಾಲಿಕೆ ಚುನಾವಣೆ ಆಗಲೇಬೇಕು ಅನ್ನೋದು ನಮ್ಮ ಒತ್ತಾಯ. ಆಗ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಇಷ್ಟು ದೊಡ್ಡ ವಿಷಯ. ಆದರೂ ನಮ್ಮ ಫೇಸ್‌ಬುಕ್ ಪೇಜಿನಲ್ಲಿ ಲೈಕ್ ಒತ್ತುತ್ತಿದ್ದವರು ನಾವು ನಾವೇ.

ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದು ಫೋಟೊ. ಚಪ್ಪಡಿ ಒಡೆದ ಚರಂಡಿ, ಯಾರೂ ಬೀಳದಿರಲಿ ಅಂತ ಅದರೊಳಗೆ ಯಾರೋ ಸಿಗಿಸಿದ್ದ ಬೇವಿನ ಕೊಂಬೆ. ಮೇಲೆ ದಪ್ಪ ಅಕ್ಷರದಲ್ಲಿ, ‘ಇದನ್ನ ಯಾರಿಗೆ ಹೇಳೋದು? ನಿಮ್ಮ ಕಾರ್ಪೊರೇಟರ್ ಯಾರು?’ ಕಾನೂನಿನ ಮಾತು ಕೆಳಗೆ ಎರಡೇ ಸಾಲು. ಪೇಜಿಗೆ ಹಾಕುವ ಮೊದಲು ಬೀದಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿದೆವು. ಲಿಂಕ್ ಒತ್ತುವವರು ಕಡಿಮೆ, ಫೋಟೊ ಎಲ್ಲರೂ ನೋಡ್ತಾರೆ ಅಲ್ವಾ? ಪಕ್ಕದ ಬೀದಿಯವರು ತಮ್ಮ ರಸ್ತೆಗುಂಡಿ ಕಳಿಸಿ, ‘ನಮ್ದೂ ಹಾಕಿ’ ಅಂದರು.

ಪಕ್ಷದ ಬಣ್ಣ, ನಾಯಕರ ಮುಖ ಎಲ್ಲೂ ಬರದಂತೆ ನೋಡಿಕೊಂಡೆವು. ಇದು ಬಹಳ ಮುಖ್ಯ. ಇಲ್ಲಾಂದ್ರೆ ಗ್ರೂಪಿನಲ್ಲಿ ಜಗಳ ಶುರುವಾಗಿ ವಿಷಯವೇ ಮರೆತುಹೋಗುತ್ತದೆ. ಈಗ ಪ್ರತಿ ಫೋಟೊ ಮೇಲೂ ಬೀದಿ ಹೆಸರು, ತಾರೀಖು ಬರೆದೇ ಕಳಿಸುತ್ತೇವೆ.