ಇನ್ಶೂರೆನ್ಸ್ ಇತ್ತು, ತಾರೀಖು ಸರಿಯಿರಲಿಲ್ಲ

2019ರಲ್ಲಿ ಹಾಸನದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದಾಗ ನನಗೆ ಗೊತ್ತಿದ್ದ ಕಾನೂನು ಒಂದೇ, ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಬಿಪಿಟಿ (ಫಿಸಿಯೋಥೆರಪಿ ಪದವಿ) ಸರ್ಟಿಫಿಕೇಟ್, ಬಾಡಿಗೆ ಕರಾರು, ಉಪಕರಣಗಳ ಪಟ್ಟಿ ಎಲ್ಲ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಓಡಾಡಿದೆ. ಸಿಕ್ಕಿದ್ದು ಐದು ವರ್ಷದ ನೋಂದಣಿ. ಫ್ರೇಮ್ ಹಾಕಿಸಿ, ದರಪಟ್ಟಿಯ ಪಕ್ಕದಲ್ಲೇ ಗೋಡೆಗೆ ತೂಗುಹಾಕಿದೆ. ಆದರೆ ಅದು ಜಾಗಕ್ಕೆ ಸಿಕ್ಕ ನೋಂದಣಿ, ನನಗಲ್ಲ.

ಈ ವ್ಯತ್ಯಾಸ ತಿಳಿದದ್ದು ವೃತ್ತಿ ವಿಮೆಯ, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಗಿ ದೂರು ಬಂದರೆ ಪರಿಹಾರ ಕಟ್ಟಿಕೊಡುವ ವಿಮೆಯ, ಫಾರ್ಮ್ ತುಂಬುವಾಗ. 'ಕೌನ್ಸಿಲ್ ನೋಂದಣಿ ಸಂಖ್ಯೆ' ಅಂತ ಒಂದು ಖಾನೆ. ಮಹಾರಾಷ್ಟ್ರದಲ್ಲಿ, ದೆಹಲಿಯಲ್ಲಿ ಫಿಸಿಯೋಗಳನ್ನು ನೋಂದಾಯಿಸುವ ಕೌನ್ಸಿಲ್ ಕಾನೂನಿನಡಿ ಮೊದಲಿನಿಂದಲೂ ಇದೆ. ಪುಣೆಯಲ್ಲಿರುವ ನನ್ನ ಕ್ಲಾಸ್‌ಮೇಟ್ ಒಂದೇ ಉಸಿರಿಗೆ ತನ್ನ ನಂಬರ್ ಹೇಳುತ್ತಾಳೆ. ನಮ್ಮಲ್ಲಿ ಆಗ ಅಂಥದ್ದಿರಲಿಲ್ಲ. ಏಜೆಂಟ್ ಹೇಳಿದ ಹಾಗೆ ಐಎಪಿ (ಭಾರತದ ಫಿಸಿಯೋಥೆರಪಿಸ್ಟ್‌ಗಳ ಸಂಘ) ಸದಸ್ಯತ್ವದ ನಂಬರ್ ಬರೆದೆ. ಐಎಪಿ 1955ರಿಂದ ಇರುವ ನಮ್ಮ ಸಂಘ, ಗೌರವ ಇದೆ. ಆದರೆ ಸಂಘದ ಕಾರ್ಡ್ ಲೈಸೆನ್ಸ್ ಅಲ್ಲ. ರಾಷ್ಟ್ರೀಯ ಆಯೋಗ, ರಾಜ್ಯ ಪರಿಷತ್ತು, ರಿಜಿಸ್ಟರ್ ಅಂತೆಲ್ಲ ಕೇಂದ್ರದ ಕಾಯ್ದೆಯಲ್ಲಿ ಬಂದದ್ದು 2021ರಲ್ಲಿ.

ಈಗ ನನ್ನ ಹತ್ತಿರ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಯಜಮಾನರ ವಿಷಯ. 2021ರ ಫೆಬ್ರವರಿ. ಸೊಂಟನೋವು, ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಹಾಟ್ ಪ್ಯಾಕ್ ಇಟ್ಟಿದ್ದೆ. "ಏನಮ್ಮ, ಶಾಖಾನೇ ಗೊತ್ತಾಗ್ತಿಲ್ಲ, ಇನ್ನೊಂಚೂರು ಜಾಸ್ತಿ ಮಾಡು" ಅಂದರು. ಸಕ್ಕರೆ ಕಾಯಿಲೆಯಲ್ಲಿ ಚರ್ಮ ಮರಗಟ್ಟಿ ಬಿಸಿ ಗೊತ್ತಾಗದೇ ಇರಬಹುದು, ಆ ಮಾತು ಕೇಳಿದ ಕೂಡಲೇ ಪ್ಯಾಕ್ ತೆಗೆಯಬೇಕಿತ್ತು. ಬಿಸಿ ನೀರು, ತಣ್ಣೀರಿನ ಟೆಸ್ಟ್‌ಟ್ಯೂಬ್ ಇಟ್ಟು ಸ್ಪರ್ಶ ಪರೀಕ್ಷೆ ಮಾಡಿದ್ದೆ, ಆದರೆ ಅದು ಮೊದಲ ದಿನ. ಅವತ್ತು ಮಾಡಲಿಲ್ಲ. ಶಾಖ ಹೆಚ್ಚಲಿ ಅಂತ ಪ್ಯಾಕ್ ಕೆಳಗಿನ ಟವೆಲ್‌ನ ಒಂದು ಮಡಿಕೆ ತೆಗೆದು ಪಕ್ಕದ ಬೆಡ್‌ಗೆ ಹೋದೆ. ಸಂಜೆ ಅವರ ಮನೆಯಲ್ಲಿ ನೋಡಿದರೆ ರೂಪಾಯಿ ನಾಣ್ಯದಷ್ಟು ಬೊಬ್ಬೆ. ಡ್ರೆಸ್ಸಿಂಗ್ ಖರ್ಚು ನಾನೇ ಕೊಟ್ಟೆ, ಮುಗಿಯಿತು ಅಂದುಕೊಂಡೆ.

ಜೂನ್‌ನಲ್ಲಿ ಲಾಕ್‌ಡೌನ್, ಕ್ಲಿನಿಕ್ ಬಂದ್. ಪಾಲಿಸಿ ನವೀಕರಣ ಮರೆತೇಹೋಯಿತು. ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಕಟ್ಟಿದೆ, ಹತ್ತು ಲಕ್ಷದ್ದೇ. ಜನವರಿಯಲ್ಲಿ ಯಜಮಾನರ ಮಗನ ಕಡೆಯಿಂದ ವಕೀಲರ ನೋಟಿಸ್ ಬಂತು. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇರುತ್ತದೆ, ಅವರು ಒಂದು ವರ್ಷವೂ ಕಾಯಲಿಲ್ಲ.

ನೋಟಿಸ್ ಹಿಡಿದು ವಿಮಾ ಕಚೇರಿಗೆ ಹೋದೆ. ಪಾಲಿಸಿಯ ಎರಡನೇ ಪುಟದಲ್ಲಿ 'ರೆಟ್ರೋಆಕ್ಟಿವ್ ಡೇಟ್' ಅನ್ನುವ ಸಾಲಿಗೆ ಬೆರಳಿಟ್ಟು ತೋರಿಸಿದರು. ಘಟನೆ ಆ ತಾರೀಖಿನ ಈಚೆಗೆ ನಡೆದಿರಬೇಕು, ದೂರು ಪಾಲಿಸಿ ಚಾಲ್ತಿಯಲ್ಲಿದ್ದಾಗ ಬಂದಿರಬೇಕು, ಎರಡೂ ಬೇಕು. ನನ್ನದು ಬಿಡದೆ ನವೀಕರಿಸಿದ್ದರೆ ತಾರೀಖು 2019ರದ್ದೇ ಉಳಿಯುತ್ತಿತ್ತು. ಮೂರು ತಿಂಗಳ ಬಿಡುವಿನಿಂದ ಅದು 2021ರ ಸೆಪ್ಟೆಂಬರ್‌ಗೆ ಬಂದು ನಿಂತಿತ್ತು. ಬೊಬ್ಬೆ ಎದ್ದದ್ದು ಫೆಬ್ರವರಿಯಲ್ಲಿ.

ನಮ್ಮ ವಕೀಲರು ಕೇಳಿದ ಮೊದಲ ಪ್ರಶ್ನೆ, "ಪರೀಕ್ಷೆ ಮಾಡಿದ್ದು ಬರೆದಿಟ್ಟಿದೀರಾ?" ಕಾರ್ಡ್‌ನಲ್ಲಿ ಇದ್ದದ್ದು 'ಹಾಟ್ ಪ್ಯಾಕ್, 15 ನಿಮಿಷ' ಅಷ್ಟೇ. ಮಾಡಿದ್ದಕ್ಕೂ ದಾಖಲೆ ಇಲ್ಲ, ಮಾಡದ್ದಕ್ಕೂ ಇಲ್ಲ. ರಾಜಿ ಆಯಿತು, ಸ್ವಂತ ದುಡ್ಡಿನಲ್ಲಿ. ಮೊತ್ತ ಹೇಳುವುದಿಲ್ಲ, ಆ ವರ್ಷ ಕೊಳ್ಳಬೇಕೆಂದಿದ್ದ ಟ್ರಾಕ್ಷನ್ ಮೆಷಿನ್ ಕೊಳ್ಳಲಿಲ್ಲ.

ಈಗ ಶಾಖ ಕೊಡುವ ಪ್ರತಿ ಸಲವೂ ಸ್ಪರ್ಶ ನೋಡಿ ಕಾರ್ಡ್‌ನಲ್ಲಿ ಒಂದು ಸಾಲು ಬರೆಯುತ್ತೇನೆ: ಸ್ಪರ್ಶ ಹೇಗಿತ್ತು, ಟವೆಲ್ ಎಷ್ಟು ಮಡಿಕೆ, ಐದು ನಿಮಿಷ ಆದಮೇಲೆ ಚರ್ಮ ಹೇಗಿತ್ತು. ನನ್ನ ಹತ್ತಿರ ಕೆಲಸಕ್ಕಿರುವ ಹುಡುಗಿಯ ಹೆಸರನ್ನೂ ಪಾಲಿಸಿಗೆ ಸೇರಿಸಿದ್ದೇನೆ. ಅವಳ ಕೈಯಿಂದ ಆದದ್ದು ತಾನಾಗಿ ನನ್ನ ಪಾಲಿಸಿಗೆ ಬರುತ್ತದೆ ಅಂತ ನಂಬಿ ಕೂತಿದ್ದೆ, ಕೇಳಿದಾಗ ಇಲ್ಲ ಅಂದರು.

ಹೋದ ತಿಂಗಳು ಇನ್ನೊಬ್ಬ ಏಜೆಂಟ್ ಬಂದು, ಬೇರೆ ಕಂಪನಿಯಲ್ಲಿ ಪ್ರೀಮಿಯಂ ಕಡಿಮೆ ಮೇಡಂ, ಬದಲಾಯಿಸಿ ಅಂದರು. ಹಳೇ ರೆಟ್ರೋ ಡೇಟ್ ಹಾಗೇ ಇಡ್ತೀರಾ, ಬರವಣಿಗೆಯಲ್ಲಿ ಕೊಡ್ತೀರಾ ಅಂತ ಕೇಳಿದೆ. ಆಫೀಸಲ್ಲಿ ವಿಚಾರಿಸಿ ಫೋನ್ ಮಾಡ್ತೀನಿ ಅಂದರು. ಇನ್ನೂ ಮಾಡಿಲ್ಲ.