ಸಾಹೇಬರಿಗೆ ಆಗದವನ ಕೆಲಸ: ಕಡತ ಕಟ್ಟುವ ಬಗೆ

“ಸಾಹೇಬ್ರಿಗೆ ನಾ ಕಂಡ್ರ ಆಗೂದಿಲ್ರಿ” ಎಂದು ಕೆಲಸ ಹೋಗುವ ಭಯದಲ್ಲಿ ಪುಣೆ ಸುತ್ತಿನ ಭೋಸರಿ, ಚಾಕಣ, ಹಿಂಜವಡಿಯಿಂದ ಬರುವ ನಮ್ಮವರಿಗೆ ನಾನು ಮೊದಲು ಕೇಳುವುದು, “ಯಾವ ತಾರೀಖಿನಿಂದ?” ಸಾಹೇಬರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಸಾಬೀತು ಮಾಡಲಾರರು. ತಾರೀಖುಗಳನ್ನು ಸಾಬೀತು ಮಾಡಬಹುದು.

ಒಂದು ಹಾಳೆಯಲ್ಲಿ ಮೂರು ಅಂಕಣ: ತಾರೀಖು, ನಡೆದದ್ದು, ಅದಕ್ಕಿರುವ ಕಾಗದ. ಹಿಂದಿನ ಮೂರು ವರ್ಷದ ರೇಟಿಂಗ್, ಇನ್‌ಕ್ರಿಮೆಂಟ್ ಪತ್ರ, ಮೆಚ್ಚುಗೆಯ ಮೇಲ್ ಮೊದಲು ಬರಲಿ. ಆಮೇಲೆ ಮ್ಯಾನೇಜರ್ ಬದಲಾದ ದಿನ, ಜಗಳವಾದ ದಿನ, ಮೀಟಿಂಗಿಗೆ ಕರೆಯುವುದು ನಿಂತ ದಿನ, ಮೊದಲ ಮೆಮೊ. ಏಪ್ರಿಲ್‌ನಲ್ಲಿ ಒಳ್ಳೆ ರೇಟಿಂಗ್, ಮೇ ತಿಂಗಳಲ್ಲಿ ಜಟಾಪಟಿ, ಜೂನ್‌ನಲ್ಲಿ ಪಿಐಪಿ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸಬೇಕೆಂಬ ಕಂಪನಿಯ ಪತ್ರ) ಎಂದಾದರೆ ನಿಮ್ಮ ವಾದವೆಲ್ಲ ಆ ಎರಡು ತಿಂಗಳಲ್ಲೇ ಇದೆ.

ಪಿಐಪಿಯಲ್ಲಿ “ಧೋರಣೆ ಸರಿಯಿಲ್ಲ”, “ತಂಡಕ್ಕೆ ಹೊಂದುವುದಿಲ್ಲ” ಎಂದಷ್ಟೇ ಇದ್ದರೆ ಜಗಳಕ್ಕೆ ಹೋಗಬೇಡಿ. ಯಾವ ಕೆಲಸ, ಯಾವ ದಿನ, ಅಳೆಯುವುದು ಹೇಗೆ, ಉಳಿದವರ ಗುರಿ ಎಷ್ಟು ಎಂದು ಮೇಲ್‌ನಲ್ಲಿ ವಿನಯದಿಂದ ಕೇಳಿ. ಪ್ರತಿ ಪರಿಶೀಲನೆ ಮುಗಿದ ದಿನವೇ “ಇಂದು ಹೀಗೆ ಮಾತಾಯಿತು” ಎಂದು ಮೂರು ಸಾಲು ಕಳಿಸಿ. ಉತ್ತರ ಬಾರದಿದ್ದರೂ ಅದು ದಾಖಲೆಯೇ. ಕಂಪನಿಯ ಕಡತಗಳನ್ನು ಮಾತ್ರ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಇಲ್ಲದ ದುರ್ನಡತೆಯನ್ನು ನೀವೇ ಒದಗಿಸಿಕೊಟ್ಟಂತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಬರೆದ ಸಿಟ್ಟಿನ ಮೇಲ್, ವಾಟ್ಸಾಪ್ ಗುಂಪಿನ ಬೈಗುಳ ಕೂಡ ಹಾಗೆಯೇ. ಎಚ್‌ಆರ್‌ನವರು ಅವಕ್ಕಾಗಿಯೇ ಕಾಯುತ್ತಿರುತ್ತಾರೆ.

ಹೆಚ್ಚಿನವರು ಸೋಲುವುದು ರಾಜೀನಾಮೆಯಲ್ಲಿ. ಕೋಣೆಗೆ ಕರೆದು, ಲ್ಯಾಪ್‌ಟಾಪ್ ಕಸಿದುಕೊಂಡು, “ಬರೆದುಕೊಡಿ, ಇಲ್ಲದಿದ್ದರೆ ಟರ್ಮಿನೇಷನ್” ಎನ್ನುತ್ತಾರೆ. ಬರೆದುಕೊಟ್ಟರೆ ನೀವಾಗಿಯೇ ಬಿಟ್ಟಂತೆ. ಒತ್ತಡಕ್ಕೆ ಸಹಿ ಬಿದ್ದಿದ್ದರೆ ಅದೇ ದಿನ ಕೋಣೆಯಲ್ಲಿದ್ದವರ ಹೆಸರು, ಹೊತ್ತು ಬರೆದು ವಾಪಸ್ ಪಡೆಯುವ ಮೇಲ್ ಕಳಿಸಿ. ವಾರ ಕಳೆದರೆ ನಂಬಿಸುವುದು ಕಷ್ಟ. ಬೇರೆ ಆಫರ್ ಕೈಯಲ್ಲಿದ್ದವರಿಗೆ ಮಾತ್ರ ನನ್ನ ಸಲಹೆ ಬೇರೆ: ನೋಟಿಸ್ ಸಂಬಳ, ರಜೆಯ ಹಣ, ರಿಲೀವಿಂಗ್ ಪತ್ರದ ಒಕ್ಕಣೆ ಲಿಖಿತವಾಗಿ ಪಡೆದು ಹೊರಡಿ.

ದೂರಿಗೆ ದಾರಿ ಯಾವುದೆನ್ನುವುದು ನೀವು ನಿಜವಾಗಿ ಮಾಡುವ ಕೆಲಸದ ಮೇಲೆ ನಿಂತಿದೆ. ಕಾರ್ಡಿನ ಮೇಲೆ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಕಾರ್ಮಿಕ ಕಾಯಿದೆ ನನಗಲ್ಲವೆಂದು ಕೈಬಿಡಬೇಡಿ. ಮಹಾರಾಷ್ಟ್ರದ 1971ರ ಕಾರ್ಮಿಕ ಸಂಘ ಮಾನ್ಯತೆ ಮತ್ತು ಅನುಚಿತ ಕಾರ್ಮಿಕ ಪದ್ಧತಿ ಕಾಯಿದೆಯ ನಾಲ್ಕನೇ ಅನುಸೂಚಿಯಲ್ಲಿ ಹಗೆ ಸಾಧಿಸಿ ತೆಗೆಯುವುದು, ಸುಳ್ಳು ಕಾರಣ ಕೊಡುವುದು, ತರಾತುರಿಯ ವಿಚಾರಣೆ, ಸಣ್ಣ ತಪ್ಪಿಗೆ ವಿಪರೀತ ಶಿಕ್ಷೆ ಎಲ್ಲವೂ ಇವೆ. ಇದರಡಿ ದೂರು ಕೊಡಲು ಗಡುವು 90 ದಿನ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಗಡುವು ಎರಡು ವರ್ಷ. ಎರಡು ವರ್ಷವಿದೆಯೆಂದು ಕೂರಬೇಡಿ, 90 ದಿನದೊಳಗೇ ವಕೀಲರನ್ನು ಕಾಣಿ. ಪ್ರೊಬೇಷನ್‌ನಲ್ಲಿದ್ದವರ ಕೈ ಸಾಮಾನ್ಯವಾಗಿ ದುರ್ಬಲ.

ತೆಗೆದುಹಾಕಿದ ಮೇಲೆ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಬರಬೇಕು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಕೇಳಿ. ಲೆಕ್ಕ ಚುಕ್ತಾ ಕಾಗದದಲ್ಲಿ “ಇನ್ನೇನೂ ಬಾಕಿಯಿಲ್ಲ, ತಕರಾರಿಲ್ಲ” ಎಂಬ ಸಾಲಿರುತ್ತದೆ. ಸಹಿಯ ಮೇಲೆ “ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ” ಎಂದು ಬರೆದು, ತಾರೀಖು ಹಾಕಿ, ಫೋಟೊ ತೆಗೆದುಕೊಂಡು ಕೊಡಿ.